ನಾನು ಕೇಳಿದ್ದು ಮೈಕು

ದೈವಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕಿದಾಗ ನನಗೆ ನಲವತ್ತೊಂಬತ್ತು ವರ್ಷ. ಗಂಟಲು ಅರ್ಧ ಹೋಗಿತ್ತು. ಮನೆಯಲ್ಲಿ ನಾನು ಕೇಳದೆ ಬಂದ ಗಂಡ ಇದ್ದರು. ಅರ್ಜಿಯ ಕೊನೆಯಲ್ಲಿ 'ಈ ವ್ಯಾಸಂಗಕ್ಕೆ ಸೇರಬಯಸುವ ಕಾರಣ' ಎಂದು ನಾಲ್ಕು ಗೆರೆ ಜಾಗ ಬಿಟ್ಟಿದ್ದರು. ಈ ಮೂರನ್ನೂ ಅಲ್ಲಿ ಬರೆದೆ. ಒಂದು ಗೆರೆ ಉಳಿಯಿತು.

ನಮ್ಮೂರಿನಲ್ಲಿ ದೇವರಿಗೆ ಆರು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ದೇವರಿರುವ ಕಲ್ಲುಮನೆಯ ಬಾಗಿಲಿಗೆ ಚೀಟಿ ಅಂಟಿರುತ್ತದೆ. ಒಂಬತ್ತನೆಯ ದಿನ ಹಳಬರು ಹೋಗಿ ಹೊಸಬರು ಬರುತ್ತಾರೆ. ಎಲ್ಲಿಂದ ಬರುತ್ತಾರೆ, ಚೀಟಿ ಯಾರು ಅಂಟಿಸುತ್ತಾರೆ ಎಂದು ಹೊರಗಿನವರು ಕೇಳುತ್ತಾರೆ, ನಾವು ಕೇಳುವುದಿಲ್ಲ. ನಮ್ಮ ಚಿಂತೆಯೇ ಬೇರೆ. ಹೊಸದಾಗಿ ಬಂದ ದೇವರಿಗೆ ಊರಿನ ಒಬ್ಬರ ಮುಖವೂ ಗೊತ್ತಿರುವುದಿಲ್ಲ. ಹಳಬರ ಹತ್ತಿರ ನೂರು ಸಲ ಹೇಳಿಕೊಂಡದ್ದನ್ನು ಇವರಿಗೆ ಮೊದಲಿನಿಂದ ಹೇಳಬೇಕು. ಹಿಂದೆ ಎಲ್ಲರೂ ಒಟ್ಟಿಗೆ ಹೋಗಿ ಬಾಗಿಲಲ್ಲಿ ನಿಂತು ಹೇಳುತ್ತಿದ್ದರಂತೆ. ಆ ಗದ್ದಲದಲ್ಲಿ ಒಂದು ಸಲ ಎಮ್ಮೆ ಕೇಳಿದವರ ಮನೆಗೆ ಅಳಿಯ ಬಂದ, ಅಳಿಯನನ್ನು ಕೇಳಿದವರ ಮನೆಗೆ ಎಮ್ಮೆ ಬಂತು. ಎರಡೂ ಮನೆಯವರು ಹೇಗೋ ಹೊಂದಿಕೊಂಡು ಹೋದರಂತೆ. ಅದಾದ ಮೇಲೆ ನಮ್ಮ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ವಿಭಾಗ ತೆರೆದರು.

ಈ ವಿಭಾಗಕ್ಕೆ ಆರು ವರ್ಷಕ್ಕೊಮ್ಮೆ ಮಾತ್ರ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಾರೆ. ಎರಡು ವರ್ಷದ ಓದು, ಹನ್ನೆರಡು ಪತ್ರಿಕೆ. ಪ್ರಬಂಧದ ಬದಲು ಪ್ರತಿಯೊಬ್ಬರಿಗೂ ಒಂದು ಬೀದಿ ಕೊಡುತ್ತಾರೆ. ಆ ಬೀದಿಯ ಮನೆಮನೆಗೂ ಹೋಗಿ, ದೊಡ್ಡವರು ಒಬ್ಬೊಬ್ಬರಿಂದಲೂ ಒಂದೊಂದು ಕೇಳಿಕೆ ಬರೆದುಕೊಂಡು ಬರಬೇಕು. ಅದನ್ನು ಕೇಳಿಕೆ ಪತ್ರ ಎನ್ನುತ್ತೇವೆ. ಹೊಸ ದೇವರು ಬಂದ ದಿನ ಕಲ್ಲುಮನೆಯ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಹೊಸದಾಗಿ ಬಂದವರಿಗೆ ಉತ್ಸಾಹ ಹೆಚ್ಚು. ಮೊದಲ ಏಳು ದಿನ ಓದಿದ್ದನ್ನು ಓದಿದ ಹಾಗೆಯೇ ನಡೆಸಿಕೊಡುತ್ತಾರೆ. ಆಮೇಲೆ ಅವರೂ ಎಲ್ಲರಂತೆ ನಿಧಾನವಾಗುತ್ತಾರೆ. ಏಳು ದಿನದ ನಂತರ ಹೋಗಿ ತಿದ್ದಿಸಿಕೊಂಡು ಬಂದವರನ್ನು ನಾನು ಕಂಡಿಲ್ಲ.

ನಾನು ದಾಕ್ಷಾಯಿಣಿ. ಇಪ್ಪತ್ತಾರು ವರ್ಷದಿಂದ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸ. ನಮ್ಮ ನಿಲ್ದಾಣದಲ್ಲಿ ಏನೇ ಹೇಳಿದರೂ ಮೂರು ಸಲ ಹೇಳಬೇಕೆಂಬ ನಿಯಮ ಇದೆ. ಮೊದಲನೆಯದು ಕಿವಿಗೆ, ಎರಡನೆಯದು ಚೀಲಕ್ಕೆ, ಮೂರನೆಯದು ಕಾಲಿಗೆ ಎಂದು ಹಳೆಯ ಕಂಟ್ರೋಲರು ಹೇಳುತ್ತಿದ್ದರು. ನನ್ನ ಪಾಳಿಯಲ್ಲೇ ದಿನಕ್ಕೆ ಅರವತ್ತೆರಡು ಬಸ್ಸು. ಮೈಕು ಕೆಟ್ಟು ಹದಿನೈದು ವರ್ಷವಾಗಿತ್ತು. ಯಾರು ರಿಪೇರಿ ಮಾಡಿದರೂ ಎರಡು ದಿನ ನೆಟ್ಟಗಿದ್ದು ಮೂರನೆಯ ದಿನ ಗೊರಗೊರ ಎನ್ನುತ್ತಿತ್ತು. ಹಾಗಾಗಿ ಗಂಟಲಿನಿಂದಲೇ ಕೂಗುತ್ತಿದ್ದೆ.

ನನ್ನ ಗಂಡ ಮರುಳಸಿದ್ದಪ್ಪ ಮನೆ ಬಿಟ್ಟಾಗ ನನಗೆ ಮೂವತ್ತಾರು. ಜಗಳವಾಗಿರಲಿಲ್ಲ. ಕೊಡೆ ರಿಪೇರಿಗೆ ಕೊಟ್ಟು ಬರುತ್ತೇನೆ ಎಂದು ಹೋದವರು ಹತ್ತು ನಲವತ್ತರ ಹೊಳೆಯಾಚೆಯ ಬಸ್ಸು ಹತ್ತಿದರು. ಆ ಬಸ್ಸನ್ನು ಮೂರು ಸಲ ಕೂಗಿದವಳು ನಾನೇ. ಒಳಗೆ ಅವರಿದ್ದದ್ದು ಸಂಜೆ ಕಂಡಕ್ಟರು ಹೇಳಿದ ಮೇಲೆ ಗೊತ್ತಾಯಿತು. ಒಂದು ವರ್ಷ ಅತ್ತೆ, ಇನ್ನೊಂದು ವರ್ಷ ಬೈದೆ, ಆಮೇಲೆ ಅಭ್ಯಾಸವಾಯಿತು. ಒಂಬತ್ತು ವರ್ಷ ಕಳೆದ ಮೇಲೆ ಆ ಸಲದ ಕೇಳಿಕೆ ಬರೆದುಕೊಳ್ಳಲು ಒಬ್ಬ ವಿದ್ಯಾರ್ಥಿನಿ ಬಂದಳು. ಒಳ್ಳೆಯ ಹುಡುಗಿ. ಏನು ಕೇಳ್ತೀರಿ ಅಂದಳು. ಬಸ್ ಸ್ಟ್ಯಾಂಡಿನ ಮೈಕು ಸರಿಯಾಗಲಿ ಅಂದೆ. ಅವಳು ನನ್ನ ಖಾಲಿ ಮನೆಯನ್ನು, ಗೂಟದಲ್ಲಿ ನೇತಾಡುತ್ತಿದ್ದ ಗಂಡಸಿನ ಅಂಗಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಹೋದಳು.

ಕೇಳಿಕೆ ಓದುವ ದಿನ ನನಗೆ ಪಾಳಿ ಇತ್ತು, ಹೋಗಿರಲಿಲ್ಲ; ಕೇಳಿಸಿಕೊಂಡವರು ಅದು ನನ್ನದೇ ಮಾತು ಎಂದುಕೊಂಡು ನನ್ನ ಹತ್ತಿರ ಎತ್ತಲಿಲ್ಲ. ಹೊಸ ದೇವರು ಬಂದ ಏಳನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ನನ್ನ ಗಂಡ ನಿಂತಿದ್ದರು. ಒಂದು ಕೆನ್ನೆಯಲ್ಲಿ ಗಡ್ಡದ ಸೋಪು ಒಣಗಿ ಹತ್ತಿಕೊಂಡಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಯಾಕೆ ಬಂದ್ರಿ?" ಅಂದೆ.

"ಗೊತ್ತಿಲ್ಲ ಕಣೆ. ಗಡ್ಡ ಮಾಡ್ಕೋತಾ ಇದ್ದೆ. ಕಾಲು ಬಂತು," ಅಂದರು. ಕೆನ್ನೆಯ ಸೋಪು ಮುಟ್ಟಿ ನೋಡಿಕೊಂಡು, "ಒಲೆ ಮೇಲೆ ಹಾಲಿಟ್ಟು ಬಂದಿದೀನಿ," ಅಂದರು.

ಹೀಗೆ ಬಂದವರು ಊರಿನಲ್ಲಿ ಇನ್ನೂ ಐದಾರು ಜನ ಇದ್ದರು. ಅವರನ್ನು ಬರೆಸಿಕೊಂಡವರು ಎಂದು ಕರೆಯುತ್ತೇವೆ. ಅವರಿಗೆ ಊರು ಬಿಡಲು ಆಗುವುದಿಲ್ಲ. ನನ್ನ ಗಂಡ ಪ್ರತಿ ಭಾನುವಾರ ಊರಾಚೆಯ ಮೈಲಿಗಲ್ಲಿನವರೆಗೆ ನಡೆದು ಹೋಗುತ್ತಿದ್ದರು. ಕಲ್ಲು ಮುಟ್ಟುತ್ತಿದ್ದ ಹಾಗೆ ಕಾಲು ಮನೆ ಕಡೆ ತಿರುಗುತ್ತಿತ್ತು. ಅಲ್ಲೇ ಒಂದು ತರಕಾರಿ ಅಂಗಡಿ ಇತ್ತು. ಹೋದದ್ದು ದಂಡವಾಗಬಾರದು ಎಂದು ಕೊತ್ತಂಬರಿ ಸೊಪ್ಪು ತರುತ್ತಿದ್ದರು. ದಾರಿಯಲ್ಲಿ ಸಿಕ್ಕವರು "ಕಾಲು ತಿರುಗಿತಾ ಮರುಳಪ್ಪ?" ಎಂದು ಕೇಳಿದರೆ "ತಿರುಗ್ತು" ಎನ್ನುತ್ತಿದ್ದರು. ಹೊಳೆಯಾಚೆ ಅವರು ಅಂಗಡಿಗಳ ತಕ್ಕಡಿ ಸರಿಮಾಡುವ ಕೆಲಸ ಮಾಡಿಕೊಂಡಿದ್ದರಂತೆ. ಇಲ್ಲಿಯೂ ಜಗುಲಿಯಲ್ಲಿ ಕುಳಿತು ಅದನ್ನೇ ಶುರುಮಾಡಿದರು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗೆ ಇದ್ದೆವು. ಮೈಕು ಮಾತ್ರ ಸರಿಯಾಗಲಿಲ್ಲ. ಅದನ್ನು ಯಾರೂ ಬರೆದಿರಲಿಲ್ಲವಲ್ಲ.

ನಾಲ್ಕು ವರ್ಷ ಕಳೆದು ವಿಭಾಗದಲ್ಲಿ ಮತ್ತೆ ಅರ್ಜಿ ಕರೆದಾಗ ನಾನು ಹಾಕಿದ್ದು ಈ ಕಾರಣಕ್ಕೆ. ಅಂಚೆ ಮೂಲಕ ಮಾಡಿದ ಬಿ.ಎ. ಇತ್ತು. ವಿಭಾಗದ ಮುಖ್ಯಸ್ಥರು ವೃಷಭೇಂದ್ರಯ್ಯ ಮೇಷ್ಟ್ರು. ಸಣಕಲು ದೇಹ, ಜೇಬಿನಲ್ಲಿ ಪೆನ್ನಿನ ಬದಲು ರಬ್ಬರು. ಸಂದರ್ಶನದಲ್ಲಿ, "ಇದನ್ನು ಓದಿದರೆ ಕೆಲಸ ಸಿಗಲ್ಲಮ್ಮ," ಅಂದರು.

"ಕೆಲಸ ಇದೆ ಸಾರ್. ಜನ ಹೇಳಿದ್ದನ್ನ ಹೇಳಿದ ಹಾಗೆ ಬರೆಯೋದು ಕಲೀಬೇಕು."

"ಅದು ಎರಡು ವರ್ಷಕ್ಕೆ ಬರಲ್ಲ," ಅಂದರು. ಆದರೂ ತೆಗೆದುಕೊಂಡರು.

ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಎರಡಕ್ಕೆ ತರಗತಿಗೆ ಹೋಗುತ್ತಿದ್ದೆ. ಹನ್ನೊಂದು ಜನ ಇದ್ದೆವು. ನನ್ನ ಪಕ್ಕ ಹಯಾತ್ ಸಾಹೇಬರು ಕೂರುತ್ತಿದ್ದರು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಮಾತಾಡದ ರೋಗಿಗಳ ಜೊತೆ ಮೂವತ್ತು ವರ್ಷ ಕಳೆದಿದ್ದೇನೆ, ಇನ್ನು ದೇವರನ್ನು ನೋಡೋಣ ಎಂದು ಸೇರಿದ್ದರು. ಅವರ ಹತ್ತಿರ ಎಲ್ಲ ಪ್ರಶ್ನೆಗೂ ತಾಳ್ಮೆ ಇತ್ತು. ನನಗಿರಲಿಲ್ಲ. 'ಮೌನದ ಪ್ರಕಾರಗಳು' ಎಂಬ ಪತ್ರಿಕೆಯಲ್ಲಿ ಎರಡು ಸಲ ನಪಾಸಾದೆ.

ಮೇಷ್ಟ್ರ ಪಾಠವೆಂದರೆ ಹೆಚ್ಚಿನಂಶ ಅಳಿಸುವುದು. ನಾವು ಬರೆದ ಮಾದರಿ ಕೇಳಿಕೆಗಳನ್ನು ತೆಗೆದುಕೊಂಡು ವಿಶೇಷಣಗಳನ್ನು ಒಂದೊಂದಾಗಿ ರಬ್ಬರಿನಿಂದ ಉಜ್ಜುತ್ತಿದ್ದರು. "'ಪಾಪದ ಮುದುಕ' ಅಂತ ಬರ್ದಿದೀರ. ಪಾಪ ಅನ್ಸಿದ್ದು ನಿಮಗೆ. ಮುದುಕ ಅಂತ ಅವರಿಗೆ ಅನ್ಸಿದೆಯಾ, ಕೇಳಿದ್ರಾ?" ಎನ್ನುತ್ತಿದ್ದರು. ಕೊನೆಗೆ ಹಾಳೆಯಲ್ಲಿ ಒಂದು ಹೆಸರು, ಒಂದು ಕ್ರಿಯಾಪದ ಉಳಿಯುತ್ತಿತ್ತು.

ಎರಡನೆಯ ಸೆಮಿಸ್ಟರಿನಲ್ಲಿ ಒಂದು ದಿನ ಅವರು ತಪ್ಪುಗಳ ಪಾಠ ತೆಗೆದರು. "ಒಬ್ಬ ಹೆಣ್ಣುಮಗಳು. ಗಂಡ ಬಿಟ್ಟು ಹೋಗಿ ಒಂಬತ್ತು ವರ್ಷ. ಏನು ಬೇಕು ಅಂದ್ರೆ ಮೈಕು ಅಂದ್ಲು. ನಮ್ಮ ವಿದ್ಯಾರ್ಥಿನಿ ಸಂಕೋಚಕ್ಕೆ ಹೀಗಂತಾಳೆ ಅಂತ ತಿಳ್ಕೊಂಡ್ಲು. ಗಂಡ ಬರಲಿ ಅಂತ ಬರೆದ್ಲು. ನಾನು ಓದಿ ಸಹಿ ಹಾಕ್ದೆ. ತಪ್ಪು ಎಲ್ಲಿ?"

"ಕನಿಕರದಲ್ಲಿ," ಅಂದರು ಹಯಾತ್ ಸಾಹೇಬರು.

ನಾನು ಎದ್ದು ನಿಂತೆ. "ಸಾರ್, ಆ ಹೆಣ್ಣುಮಗಳು ನಾನೇ."

"ಗೊತ್ತಮ್ಮ. ನಿಮ್ಮ ಅರ್ಜಿ ಓದಿದೀನಿ. ಕ್ಷಮಿಸಿ ಅನ್ನೋಕೆ ಬೇರೆ ದಾರಿ ಕಾಣದೆ ಈ ಉದಾಹರಣೆ ತಗೊಂಡೆ," ಅಂದರು. ಹತ್ತು ಜನ ನನ್ನನ್ನೇ ನೋಡುತ್ತಿದ್ದರು. ಕುಳಿತುಕೊಂಡೆ. ನಾನೇನೂ ದೊಡ್ಡ ಮನಸ್ಸಿನವಳಲ್ಲ, ಅವರ ಮೇಲಿನ ಸಿಟ್ಟು ಇಳಿಯಲು ಇನ್ನೂ ಎರಡು ತಿಂಗಳು ಹಿಡಿಯಿತು.

ಅದೇ ಸೆಮಿಸ್ಟರಿನಲ್ಲಿ ಓದಿದ ಒಂದು ನಿಯಮ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬರೆಸಿಕೊಂಡವರ ಕಾಲನ್ನು ಬಿಡಿಸಲು ಅವರಿಂದಲೇ ಆಗುವುದಿಲ್ಲ. ಯಾರ ಹೆಸರಿನಲ್ಲಿ ಬರೆದು ಕರೆಸಿದ್ದೋ ಅವರೇ ಕೇಳಬೇಕು. ಅಂದರೆ ನಾನು. ಆದರೆ ಒಬ್ಬರಿಗೆ ಒಂದೇ ಕೇಳಿಕೆ. ಅವರ ಕಾಲೋ, ನನ್ನ ಮೈಕೋ ಎಂದಾಯಿತು. ಆ ವರ್ಷವೇ ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಹಿಂಗೇ ಕೂಗಿದ್ರೆ ಇನ್ನೊಂದೆರಡು ವರ್ಷ. ಆಮೇಲೆ ಪಿಸುಮಾತು ಮಾತ್ರ," ಅಂದಿದ್ದರು. ಕೂಗುವವಳಿಗೆ ಗಂಟಲು ಹೋದರೆ ನಿಲ್ದಾಣದಲ್ಲಿ ಏನು ಕೆಲಸ. ಮನೆಗೆ ಬಂದು ಇದನ್ನು ಹೇಳಲಿಲ್ಲ. ಆದರೆ ಡಾಕ್ಟರ ಚೀಟಿ ಮೇಜಿನ ಮೇಲಿತ್ತು.

ಓದು ಶುರುವಾದ ಮೇಲೆ ಮನೆಯಲ್ಲಿ ಮಾತು ಹೆಚ್ಚಾಯಿತು. ಮಾತೆಂದರೆ ಸರಸದ್ದಲ್ಲ, ಪರೀಕ್ಷೆಯದ್ದು. ನಾನು ಉತ್ತರ ಒಪ್ಪಿಸುತ್ತಿದ್ದೆ, ಅವರು ತಕ್ಕಡಿಯ ಮುಳ್ಳು ನೆಟ್ಟಗೆ ಮಾಡುತ್ತ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಒಂದು ಪದ ಬಿಟ್ಟರೂ "ಉಹ್ಞೂಂ ಉಹ್ಞೂಂ" ಎಂದು ತಡೆಯುತ್ತಿದ್ದರು. ಹಾಲು ಕಾಯಿಸುವುದು ಅವರ ಕೆಲಸ. ಉಕ್ಕಿ ಇಳಿಯುವವರೆಗೆ ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ. ಬಾಗಿಲಲ್ಲಿ ಯಾರು ಕರೆದರೂ ಸರಿ, "ಹಾಲಿಟ್ಟಿದೀನಿ" ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ನಾನು ಹೊರಡುವ ಮುಂಚೆ ಉಪ್ಪು ಹಾಕಿದ ಬಿಸಿನೀರು ಲೋಟದಲ್ಲಿ ಇಟ್ಟಿರುತ್ತಿದ್ದರು. ಅದನ್ನು ನಾನು ಕೇಳಿರಲಿಲ್ಲ. ಒಂದು ದಿನ, "ಅವತ್ತು ಕೊಡೆ ನೆಪ ಹೇಳಿ ಯಾಕೆ ಹೋದ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು. "ನೀನು ಬಸ್ಸು ಕೂಗೋದು ಕೇಳಿಸ್ತು. ಹತ್ತಿದೆ. ನೆಪ ಅಲ್ಲ, ಕೊಡೆ ಕೈಯಲ್ಲೇ ಇತ್ತು. ಹತ್ತೋವರೆಗೂ ಹೋಗ್ತೀನಿ ಅಂತ ನನಗೂ ಗೊತ್ತಿರಲಿಲ್ಲ. ಹೋದ ಮೇಲೆ ನಾಚಿಕೆ ಆಯ್ತು. ನಾಚಿಕೇಲೇ ಒಂಬತ್ತು ವರ್ಷ ಕಳೀತು," ಅಂದರು. ನನಗೆ ಅದು ಸಾಲಲಿಲ್ಲ. ಆದರೆ ಅವರ ಹತ್ತಿರ ಅದಕ್ಕಿಂತ ಹೆಚ್ಚಿಗೆ ಇರಲಿಲ್ಲ, ಅದು ನನಗೆ ಕಾಣುತ್ತಿತ್ತು.

ಬೀದಿ ಹಂಚಿದಾಗ ನನಗೆ ಬಳೆಗಾರರ ಬೀದಿ ಬಂತು, ಮೂವತ್ತೆಂಟು ಮನೆ. ವಿದ್ಯಾರ್ಥಿಗಳು ತಮ್ಮ ಮನೆಯಿರುವ ಬೀದಿಯನ್ನು ಬರೆಯುವಂತಿಲ್ಲ. ನಮ್ಮ ಬೀದಿ ಹಯಾತ್ ಸಾಹೇಬರಿಗೆ ಹೋಯಿತು.

ಬಳೆಗಾರರ ಬೀದಿಯ ಹದಿನಾಲ್ಕನೆಯ ಮನೆ ಲಚ್ಚಮ್ಮನದು. ಅವಳ ಮಗ ಮರದಿಂದ ಬಿದ್ದು ಮೂರು ವರ್ಷದಿಂದ ಮಂಚದಲ್ಲಿದ್ದ. ಏನು ಕೇಳ್ತೀಯ ಅಂದರೆ, "ಅಡಿಗೆಮನೆ ಕಿಟಕಿಗೆ ಬೆಳಗಿನ ಬಿಸಿಲು ಬರ್ಲಿ," ಅಂದಳು.

"ಮಗನಿಗೆ ಏನೂ ಕೇಳಲ್ವಾ ಲಚ್ಚಮ್ಮ?"

"ಅದು ನನಗೂ ದೇವ್ರಿಗೂ ಇರೋ ಮಾತು. ನಡುವೆ ನಿನಗೇನು? ನೀನು ಬಿಸಿಲು ಬರ್ಕೋ."

ಹೊರಗೆ ಬಂದೆ. ಕೈ ತುರಿಸುತ್ತಿತ್ತು. 'ಮಗ ಎದ್ದು ಓಡಾಡಲಿ' ಎಂದು ಬರೆಯಲು ಒಂದು ಗೆರೆ ಸಾಕು. ಆ ಮಂಚ, ಆ ಹುಡುಗನ ಸಣ್ಣ ಕಾಲು ಕಣ್ಣ ಮುಂದೆ ಇತ್ತು. ಆರು ವರ್ಷದ ಹಿಂದೆ ನನ್ನ ಮನೆಯಿಂದ ಕಣ್ಣೊರೆಸಿಕೊಂಡು ಹೋದ ಹುಡುಗಿಯ ಮೇಲೆ ನನಗೆ ಮೊದಲ ಸಲ ಸಿಟ್ಟು ಕಡಿಮೆಯಾದದ್ದು ಅವತ್ತು. ಮೂರು ದಿನ ಆ ಹಾಳೆಯನ್ನು ತೆಗೆಯುವುದು, ನೋಡುವುದು, ಇಡುವುದು ಮಾಡಿದೆ. ಕೊನೆಗೆ ಬಿಸಿಲು ಎಂದೇ ಬರೆದೆ.

ನಮ್ಮ ಮನೆಗೆ ಹಯಾತ್ ಸಾಹೇಬರು ಬಂದದ್ದು ಒಂದು ಶುಕ್ರವಾರ, ನಮಾಜು ಮುಗಿಸಿಕೊಂಡು. ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಿಸಿಕೊಳ್ಳಬಾರದು. ನನ್ನ ಗಂಡ ಜಗುಲಿಗೆ ಹೋದರು. ಸಾಹೇಬರು ನೆಲದ ಮೇಲೆ ಕೂತು ಹಾಳೆ ಬಿಚ್ಚಿದರು. ಹೊರಗೆ ತಕ್ಕಡಿಯ ತಟ್ಟೆ ತಗಡಿಗೆ ತಾಗುವ ಸದ್ದು ಬರುತ್ತಿತ್ತು. ಮೈಕು ಎನ್ನಲು ಬಾಯಿ ತೆರೆದೆ. ಹದಿನೈದು ವರ್ಷದಿಂದ ಕೇಳುತ್ತ ಬಂದದ್ದು ಅದೊಂದನ್ನೇ. ಆದರೆ ಆ ಮನುಷ್ಯ ಅರ್ಧ ಗಡ್ಡದಲ್ಲಿ, ಬರಿಗಾಲಲ್ಲಿ ಬಂದು ನಿಂತದ್ದು ನನ್ನ ಹೆಸರಿನಲ್ಲಿ. ನಾನು ಕರೆಯಲಿಲ್ಲ ಎಂದು ಎಷ್ಟು ಹೇಳಿದರೂ ಹಾಳೆಯಲ್ಲಿದ್ದದ್ದು ನನ್ನ ಹೆಸರೇ.

"ಬರ್ಕೊಳ್ಳಿ ಸಾಹೇಬ್ರೆ. ನನ್ನ ಗಂಡನ ಕಾಲು ಬಿಡಲಿ."

"ಹೋಗಲಿ ಅಂತ ಬರೀಲಾ, ಬಿಡಲಿ ಅಂತ ಬರೀಲಾ?"

"ಬಿಡಲಿ ಅಂತ. ಹೋಗೋದು ಬಿಡೋದು ಅವರಿಷ್ಟ."

ಸಾಹೇಬರು ಬರೆದು, ನನಗೆ ಓದಿ ಹೇಳಿ, ಜಗುಲಿಗೆ ಹೋದರು. ನನ್ನ ಗಂಡ ಏನು ಹೇಳಿದರೋ ಕೇಳಿಸಲಿಲ್ಲ. ಒಂದೇ ನಿಮಿಷದಲ್ಲಿ ಮುಗಿಯಿತು. ಹೊಸ ಒಲೆ ಕೇಳಿರಬೇಕು ಎಂದುಕೊಂಡೆ.

ಕಲ್ಲುಮನೆಯ ಬಾಗಿಲಿಗೆ ಚೀಟಿ ಅಂಟಿತು. ಹೊಸ ದೇವರು ಬರಲು ಎರಡು ದಿನವಿದ್ದಾಗ ಸಾಹೇಬರಿಗೆ ಉಬ್ಬಸ ಕೆರಳಿ ಸ್ವರ ಪೂರಾ ಕಟ್ಟಿತು. ಮೇಷ್ಟ್ರು ನನ್ನನ್ನು ಕರೆಸಿದರು.

"ಹಯಾತ್ ಅವರ ಹಾಳೆಯನ್ನೂ ನೀವೇ ಓದಿ ದಾಕ್ಷಾಯಿಣಿ. ಗಂಟಲು ತಡೆಯುತ್ತಾ?"

"ನಮ್ಮನೆ ಇರೋದು ಆ ಬೀದೀಲೇ ಸಾರ್."

"ಬರೀಬಾರದು ಅಂತ ನಿಯಮ ಇದೆ. ಓದಬಾರದು ಅಂತ ಎಲ್ಲೂ ಇಲ್ಲ. ಬರೆದಿರೋದನ್ನ ಬರೆದ ಹಾಗೆ ಓದಿ, ಅಷ್ಟೆ."

ಕಲ್ಲುಮನೆಯ ಬಾಗಿಲಿನಿಂದಾಚೆ ನಾವು ಯಾರೂ ಹೋಗುವುದಿಲ್ಲ. ಬಾಗಿಲು ಅರ್ಧ ತೆರೆದಿರುತ್ತದೆ, ಒಳಗೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಬೆನ್ನಿಗೆ ಗೊತ್ತಾಗುತ್ತದೆ. ಅಂಗಳದಲ್ಲಿ ಊರೆಲ್ಲ ಕೂತಿರುತ್ತದೆ. ಓದುವವರು ನಡುವೆ ಓದು ನಿಲ್ಲಿಸುವಂತಿಲ್ಲ. ನಿಂತರೆ ಕಾವಲಿನ ಹೆಂಗಸು ಮೆಟ್ಟಿಲ ಮೇಲೆ ತಂಬಿಗೆಯಿಂದ ನೀರು ಬಗ್ಗಿಸಲು ಶುರುಮಾಡುತ್ತಾಳೆ. ತಂಬಿಗೆ ಖಾಲಿಯಾಗುವುದರೊಳಗೆ ಮುಂದಿನ ಸಾಲು ಬಾರದಿದ್ದರೆ ಆ ಹಾಳೆ ಅಲ್ಲಿಗೇ ಮುಗಿಯಿತು, ಉಳಿದ ಮನೆಗಳಿಗೆ ಆರು ವರ್ಷ ಏನೂ ಇಲ್ಲ.

ಬೆಳಿಗ್ಗೆ ಬಳೆಗಾರರ ಬೀದಿಯನ್ನು ಓದಿದೆ. ಲಚ್ಚಮ್ಮನ ಬಿಸಿಲು ಓದುವಾಗ ಅವಳು ಹೌದೆಂದು ತಲೆ ಅಲ್ಲಾಡಿಸಿದಳು. ಮಧ್ಯಾಹ್ನ ಊಟದ ಮೇಲೆ ಸಾಹೇಬರ ಹಾಳೆಯ ಅರಗು ಒಡೆದು ನನ್ನ ಕೈಗೆ ಕೊಟ್ಟರು. ಅವರ ಬರಹ ಔಷಧಿ ಚೀಟಿಯ ಬರಹದಂತಿರಬಹುದು ಎಂದು ಹೆದರಿದ್ದೆ. ದುಂಡಗಿತ್ತು. ಇಪ್ಪತ್ತೆರಡು ಮನೆ ಸಲೀಸಾಗಿ ಹೋಯಿತು. ಇಪ್ಪತ್ತಮೂರನೆಯದು ನಮ್ಮದು. ಮನೆಯಲ್ಲಿ ವಯಸ್ಸಿನಲ್ಲಿ ದೊಡ್ಡವರದು ಮೊದಲು.

"ಮರುಳಸಿದ್ದಪ್ಪ ಕೇಳುವುದು. ಬಸ್ ನಿಲ್ದಾಣದ ಮೈಕು ಸರಿಯಾಗಲಿ."

ಓದಿದ ಮೇಲೆ ಅದು ಕಿವಿಗೆ ಬಿತ್ತು. ಅಂಗಳದಲ್ಲಿ ಅವರನ್ನು ಹುಡುಕಿದೆ. ಬೇಲಿಯ ಹತ್ತಿರ ಕೂತು ಚಪ್ಪಲಿಯ ಉಂಗುಷ್ಟ ನೋಡುತ್ತಿದ್ದರು. ಮುಂದಿನ ಸಾಲು ನನ್ನದು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಅದನ್ನು ಓದಿದರೆ ಏಳು ದಿನದೊಳಗೆ ಇವರ ಕಾಲು ಬಿಡುತ್ತದೆ, ಬಿಟ್ಟರೆ ಇವರು ಹೋಗುತ್ತಾರೆ. ಇವರು ಹೋಗುವುದು ನನಗೆ ಬೇಡ ಎಂದು ಆಗ ಗೊತ್ತಾಯಿತು. ಊರೆಲ್ಲ ನೋಡುತ್ತಿರುವಾಗ, ಕೈಯಲ್ಲಿ ಹಾಳೆ ಹಿಡಿದು ನಿಂತಿರುವಾಗ ಗೊತ್ತಾಯಿತು. ಹದಿನೈದು ವರ್ಷ ಬಿಟ್ಟು ಇಂಥ ಹೊತ್ತಿನಲ್ಲಿ ಗೊತ್ತಾಗಬೇಕೇ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಮೆಟ್ಟಿಲ ಮೇಲೆ ನೀರು ಬೀಳುವ ಸದ್ದು ಶುರುವಾಯಿತು.

ಆ ಒಂದು ಸಾಲು ಹಾರಿಸಿ ಇಪ್ಪತ್ತನಾಲ್ಕನೆಯ ಮನೆಗೆ ಹೋಗಬಹುದಿತ್ತು. ಗೊತ್ತಾಗುವುದು ಸಹಿ ಹಾಕಿದ ಮೇಷ್ಟ್ರಿಗೆ, ಹಯಾತ್ ಸಾಹೇಬರಿಗೆ ಅಷ್ಟೆ. ಮೇಷ್ಟ್ರು ಓದಿನ ನಡುವೆ ಬಾಯಿ ಹಾಕುವಂತಿಲ್ಲ, ಸಾಹೇಬರಿಗೆ ಸ್ವರವಿಲ್ಲ. ಅವರು ಮುಂದಿನ ಸಾಲಿನಲ್ಲೇ ಕೂತು ನನ್ನನ್ನು ನೋಡುತ್ತಿದ್ದರು. ಕಣ್ಣಿನಲ್ಲಿ ಹೌದೂ ಇರಲಿಲ್ಲ, ಬೇಡವೂ ಇರಲಿಲ್ಲ. ನನ್ನ ಕೇಳಿಕೆಯನ್ನು ನಾನೇ ಬಿಟ್ಟರೆ ಯಾರಿಗೇನು ನಷ್ಟ ಎಂದುಕೊಂಡೆ. ಆದರೆ ಆ ಸಾಲು ನನ್ನ ಗಂಡನ ಕಾಲಿನದು. ನನಗೆ ಬೇಕು ಎಂದು ಅವರನ್ನು ಹಿಡಿದಿಟ್ಟರೆ, ನನಗೆ ಬೇಕಿರಬಹುದು ಎಂದು ಅವರನ್ನು ಎಳೆದು ತಂದ ಹುಡುಗಿಗಿಂತ ನಾನು ಯಾವುದರಲ್ಲಿ ಬೇರೆ? ಅವಳಾದರೂ ಗೊತ್ತಿಲ್ಲದೆ ಮಾಡಿದಳು. ನೀರಿನ ಸದ್ದು ತೆಳುವಾಯಿತು. ಹಾಳೆಯಲ್ಲಿ ಇನ್ನೂ ಹತ್ತೊಂಬತ್ತು ಮನೆಗಳಿದ್ದವು.

"ದಾಕ್ಷಾಯಿಣಿ ಕೇಳುವುದು. ಗಂಡನ ಕಾಲು ಬಿಡಲಿ."

ಸ್ವರ ಒಡೆಯಿತು, ಆದರೆ ಪದ ಒಂದೂ ಬಿಡಲಿಲ್ಲ. ಇಪ್ಪತ್ತನಾಲ್ಕನೆಯ ಮನೆಗೆ ಹೋದೆ. ಹಾಳೆ ಮುಗಿಸಿ ಇಳಿದಾಗ ಮೇಷ್ಟ್ರು ತಮ್ಮ ನೀರಿನ ಬಾಟಲಿ ಕೊಟ್ಟರು. ಮನೆಗೆ ಹೋಗುವಾಗ ನಾನೂ ನನ್ನ ಗಂಡನೂ ಒಟ್ಟಿಗೇ ನಡೆದೆವು. ಹೇಳಲು ಇನ್ನೇನಿತ್ತು, ಊರೆಲ್ಲ ಕೇಳಿಸಿಕೊಂಡಾಗಿತ್ತು.

ಎರಡನೆಯ ದಿನ ಲಚ್ಚಮ್ಮನ ಅಡಿಗೆಮನೆಗೆ ಬಿಸಿಲು ಬಂತು. ಮಗ ತನ್ನ ಮಂಚವನ್ನು ಅಲ್ಲಿಗೆ ಹಾಕಿಸಿಕೊಂಡನಂತೆ. ಮೂರು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು ಎಂದು ಅವಳೇ ನಿಲ್ದಾಣಕ್ಕೆ ಬಂದು ಹೇಳಿ ಹೋದಳು. ಮೂರನೆಯ ದಿನ ಮೈಕಿನ ಗುಂಡಿಯನ್ನು ಅಭ್ಯಾಸಬಲದಿಂದ ಒತ್ತಿದೆ. ನನ್ನ ಉಸಿರು ನಿಲ್ದಾಣದ ತುಂಬ ಕೇಳಿಸಿತು. ಕೂಗದೆ, ಬರೀ ಮಾತಾಡಿ, ಅವತ್ತು ಅರವತ್ತೆರಡು ಬಸ್ಸು ಕಳಿಸಿದೆ. ಮನೆಗೆ ಬಂದು, "ಮೈಕು ಸರಿಹೋಯ್ತು," ಅಂದೆ. "ಒಳ್ಳೇದಾಯ್ತಲ್ಲ," ಅಂದರು.

ಭಾನುವಾರ ಅವರು ಮೈಲಿಗಲ್ಲಿಗೆ ಹೋಗಿ ತಡವಾಗಿ ಬಂದರು. ಕೈಯಲ್ಲಿ ಕೊತ್ತಂಬರಿ ಇರಲಿಲ್ಲ.

"ದಾಟಿದೆ," ಅಂದರು. "ಕಲ್ಲಿನಾಚೆ ಹುಣಸೆಮರದ ತನಕ ಹೋದೆ."

"ಮತ್ತೆ ಯಾಕೆ ಬಂದ್ರಿ?"

"ಚೀಲ ತಗೊಂಡು ಹೋಗೋಣ ಅಂತ."

ಸೋಮವಾರ ಹತ್ತು ಗಂಟೆಗೆ ಅವರು ಚೀಲ ತೊಡೆಯ ಮೇಲಿಟ್ಟುಕೊಂಡು ನಿಲ್ದಾಣದ ಬೆಂಚಿನಲ್ಲಿ ಕೂತಿದ್ದರು. ನನ್ನ ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು. ಹತ್ತು ನಲವತ್ತರ ಬಸ್ಸು ಬಂತು. ಹೊಳೆಯಾಚೆಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿದೆ ಎಂದೆ. ಅವರು ಕೂತೇ ಇದ್ದರು. ಎರಡನೆಯ ಸಲ ಹೇಳಿದೆ. ಎದ್ದರು, ಹತ್ತಿದರು. ಮೂರನೆಯದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ, ಆದರೂ ನಿಯಮ ನಿಯಮವೇ. ಹೇಳಿದೆ. ಆಮೇಲೆ ಗುಂಡಿ ಆರಿಸಿ ಅತ್ತೆ. ಹಿಂದಿನ ಸಲದ ಅಳುವಿನಲ್ಲಿ ಸಿಟ್ಟು ಬೆರೆತಿತ್ತು, ಈ ಸಲ ಬರೀ ದುಃಖ. ಹತ್ತು ಐವತ್ತೈದರ ಬಸ್ಸು ಬರುವವರೆಗೆ ಹದಿನೈದು ನಿಮಿಷ ಇತ್ತು, ಅಷ್ಟರಲ್ಲಿ ಮುಗಿಸಿದೆ.

ಅದೇ ವಾರ ಫಲಿತಾಂಶ ಬಂತು. ಪ್ರಥಮ ದರ್ಜೆ. ಕೇಳಿಕೆ ಪತ್ರಕ್ಕೆ ನೂರಕ್ಕೆ ತೊಂಬತ್ತಾರು. ನಾಲ್ಕು ಅಂಕ ಯಾಕೆ ಹೋಯಿತು ಎಂದು ಕೇಳಿದರೆ, ಸ್ವರ ಒಡೆದದ್ದಕ್ಕೆ ಅಂದರು ಮೇಷ್ಟ್ರು. ಅದು ನನ್ನ ಹಾಳೆಯಲ್ಲ ಸಾರ್, ಹಯಾತ್ ಸಾಹೇಬರ ಹಾಳೆಯಲ್ಲಿ ಒಡೆದದ್ದು ಎಂದೆ. ಅವರಿಗೂ ನಾಲ್ಕು ಕಳೆದಿದೀನಿ ಅಂದರು. ಪದವಿ ಪತ್ರವನ್ನು ಗೋಡೆಗೆ ಹಾಕಲು ಮೊಳೆ ಹೊಡೆಯುವವರು ಮನೆಯಲ್ಲಿರಲಿಲ್ಲ. ಅಟ್ಟದ ಮೇಲಿಟ್ಟೆ. ಹಾಲನ್ನು ನಾನೇ ಕಾಯಿಸಿದೆ, ಎರಡು ದಿನ ಉಕ್ಕಿ ಚೆಲ್ಲಿತು.

ಅವರು ಹೋದ ಹನ್ನೆರಡನೆಯ ದಿನ ಮಧ್ಯಾಹ್ನ ಹಯಾತ್ ಸಾಹೇಬರು ಮಗಳ ಊರಿಗೆ ಹೋಗಲು ಬಂದು ನನ್ನ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಒಂದೂ ಇಪ್ಪತ್ತರ ಹೊಳೆಯಾಚೆಯ ಬಸ್ಸು ಒಳಗೆ ಬಂತು. ಬಂದಿದೆ ಎಂದು ಹೇಳಲು ಗುಂಡಿ ಒತ್ತಿ ಬಾಯಿ ತೆರೆದವಳು ಹಾಗೆಯೇ ಉಳಿದೆ. ನನ್ನ ಗಂಡ ಇಳಿದರು. ಹೆಗಲಲ್ಲಿ ಚೀಲ, ಕಂಕುಳಲ್ಲಿ ಒಂದು ಪಾತ್ರೆ. ನೆಟ್ಟಗೆ ನನ್ನ ಕಿಟಕಿಗೆ ಬಂದು ಅದನ್ನು ಕಟ್ಟೆಯ ಮೇಲಿಟ್ಟರು. ಹಾಲಿನ ಪಾತ್ರೆ. ತಳ ಒಂದು ಬೆರಳು ದಪ್ಪ ಕರಿದಾಗಿತ್ತು.

"ಸೀದು ಹೋಗಿತ್ತು," ಅಂದರು. "ಮನೆ ಮಾಲೀಕರು ಒಲೆ ಆರಿಸಿ, ಪಾತ್ರೆ ಹಾಗೇ ಎತ್ತಿಟ್ಟಿದ್ರು. ಬಂದೇ ಬರ್ತಾನೆ ಅಂತ."

"ಇದನ್ನ ಕೊಡೋಕೆ ಬಂದ್ರಾ?"

"ಇಲ್ಲ."

"ನಾನು ಬರೆಸಿಲ್ಲ."

"ಗೊತ್ತು. ಕಾಲು ಬಂದಿಲ್ಲ ಈ ಸಲ. ನಾನೇ ಬಂದೆ." ಅವರು ಪಾತ್ರೆಯ ತಳವನ್ನು ಉಗುರಿನಿಂದ ಕೆರೆದರು. "ತಿಕ್ಕಿದ್ರೆ ಹೋಗಬಹುದು. ಮನೇಲಿ ಹುಣಸೆಹಣ್ಣು ಇದೆಯಾ?"

"ಇದೆ. ಮನೆಗೆ ನಡೀರಿ," ಅಂದೆ.

ಗುಂಡಿ ಆರಿಸಿರಲಿಲ್ಲ. ಇದೆ, ಮನೆಗೆ ನಡೀರಿ ಎಂದು ನನ್ನ ದನಿ ನಾಲ್ಕೂ ಅಂಕಣಗಳಲ್ಲಿ ಕೇಳಿಸಿತು. ಚಹಾದಂಗಡಿಯವನು ಲೋಟ ಹಿಡಿದು ನಿಂತ. ಇಳಿಯುತ್ತಿದ್ದವರು ಮೆಟ್ಟಿಲಲ್ಲೇ ನಿಂತು ಮೇಲೆ ಧ್ವನಿವರ್ಧಕದ ಕಡೆ ನೋಡಿದರು. ಹಯಾತ್ ಸಾಹೇಬರು ನನ್ನ ಕಡೆ ತಿರುಗಿ, ಇನ್ನೂ ಸ್ವರ ಪೂರ್ತಿ ಬಂದಿರದ ಕಾರಣ, ಎರಡು ಬೆರಳು ತೋರಿಸಿದರು.

ನಮ್ಮ ನಿಲ್ದಾಣದಲ್ಲಿ ಏನೇ ಹೇಳಿದರೂ ಮೂರು ಸಲ ಹೇಳಬೇಕು. ಉಳಿದ ಎರಡನ್ನೂ ಹೇಳಿದೆ.